ಎಚ್‌ಇಪಿಎಸ್‌ನಲ್ಲಿ ಬಿಡುವುದು ಯಾವುದನ್ನು?

ಪಿಯುಸಿ ಕಲಾ ವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ (ಎಚ್‌ಇಪಿಎಸ್) ಓದಿದವರು ಬಿ.ಎ. ಅರ್ಜಿ ತುಂಬುವಾಗ ಈ ನಾಲ್ಕರಲ್ಲಿ ಒಂದನ್ನು ಕೈಬಿಡಬೇಕಾಗುತ್ತದೆ. ಪದವಿಯಲ್ಲಿ ಐಚ್ಛಿಕ ವಿಷಯಗಳು ಮೂರೇ. ಫಲಿತಾಂಶ ಬಂದ ಮೇಲಿನ ವಾರಗಳಲ್ಲಿ ಬೆಳಗಾವಿಯ ಯಾವ ಕಾಲೇಜಿನ ಪ್ರವೇಶ ಕೌಂಟರಿನ ಮುಂದೆ ನಿಂತರೂ ಕೇಳಿಬರುವ ಮಾತು ಒಂದೇ: ‘ಸರ, ಯಾವ ಕಾಂಬಿನೇಶನ್ ಸರಳ ಐತ್ರಿ?’ ಅದರ ಬೆನ್ನಿಗೇ ಇನ್ನೊಂದು: ‘ಅರ್ಥಶಾಸ್ತ್ರ ಬ್ಯಾಡ್ರಿ, ಅದರಾಗ ಲೆಕ್ಕ ಬರ್ತಾವು.’ ಗೆಳತಿ ಏನು ತಗೊಂಡಳೋ ಅದನ್ನೇ ಕೊಡಿ ಎನ್ನುವವರುಂಟು. ಮಧ್ಯಾಹ್ನ ಎರಡರ ಬಸ್ಸಿಗೆ ಊರು ಸೇರಲು ಅನುಕೂಲವಾಗುವ ವೇಳಾಪಟ್ಟಿ ಯಾವುದು ಎಂದು ವಿಚಾರಿಸುವವರೂ ಉಂಟು. ಹೀಗೆ ಹತ್ತು ನಿಮಿಷದಲ್ಲಿ ನಿರ್ಧಾರವಾಗಿ, ಪ್ರವೇಶದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಟಿಕ್ ಆಗಿ, ಮೂರು ವರ್ಷದ ಓದು ಗೊತ್ತಾಗಿಬಿಡುತ್ತದೆ.

ಆ ಮಕ್ಕಳನ್ನು ದೂರಲು ನನಗೆ ಮನಸ್ಸಿಲ್ಲ. ವಿಜ್ಞಾನ ಓದುವವನಿಗೆ ಪಿಸಿಎಂ ತಗೊಂಡರೆ ಏನು, ಸಿಬಿಜೆಡ್ ತಗೊಂಡರೆ ಏನು ಎಂದು ಹೇಳಲು ಮನೆಯಲ್ಲಿ, ಓಣಿಯಲ್ಲಿ ಹತ್ತು ಜನ ಸಿಗುತ್ತಾರೆ. ಆರ್ಟ್ಸ್ ಓದುವವಳಿಗೆ ಅಂಥವರು ಸಿಗುವುದು ಅಪರೂಪ. ‘ಬಿ.ಎ. ತಾನೆ, ಯಾವುದಾದರೇನು’ ಎಂಬ ಉಡಾಫೆ ಮಾತನ್ನು ಆಕೆ ಹೈಸ್ಕೂಲಿನಿಂದಲೂ ಕೇಳಿಕೊಂಡೇ ಬಂದಿದ್ದಾಳೆ.

ಯಾವುದಾದರೂ ನಡೆಯುವ ಕಡೆಗಳು ಇವೆ, ಅದನ್ನು ಮೊದಲೇ ಹೇಳಿಬಿಡಬೇಕು. ಬ್ಯಾಂಕ್ ಪರೀಕ್ಷೆ, ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಇವಕ್ಕೆ ಪದವಿ ಇದ್ದರೆ ಸಾಕು, ಅದರಲ್ಲಿ ಯಾವ ವಿಷಯ ಓದಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಯುಪಿಎಸ್‌ಸಿಯ ಮುಖ್ಯ ಪರೀಕ್ಷೆಯಲ್ಲೂ 2013ರಿಂದ ಐಚ್ಛಿಕ ವಿಷಯ ಒಂದೇ, ಅದು ಪದವಿಯಲ್ಲಿ ಓದಿದ್ದೇ ಆಗಿರಬೇಕೆಂಬ ಕಟ್ಟಳೆಯಿಲ್ಲ. ವಿಷಯಗಳ ಆಯ್ಕೆ ಹಿಡಿದು ನಿಲ್ಲಿಸುವುದು ಬೇರೆ ಬಾಗಿಲುಗಳಲ್ಲಿ. ಬಿ.ಇಡಿ. ಮಾಡಿ ಶಿಕ್ಷಕಿಯಾಗಬೇಕೆಂದರೆ ಶಾಲೆಯಲ್ಲಿ ಕಲಿಸುವ ವಿಷಯಗಳನ್ನು ಪದವಿಯಲ್ಲಿ ಓದಿರಬೇಕು. ನೇಮಕಾತಿಯ ಅಧಿಸೂಚನೆ ಬಂದಾಗ ಸಮಾಜ ವಿಜ್ಞಾನ ಶಿಕ್ಷಕರಿಗೆ ಯಾವ ಯಾವ ವಿಷಯಗಳ ಜೋಡಿ ಬೇಕೆಂದು ಅದರಲ್ಲಿ ಬರೆದಿರುತ್ತದೆ, ಜೋಡಿ ತಪ್ಪಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಪಿಯು ಉಪನ್ಯಾಸಕರಾಗಲು ಎಂ.ಎ. ಜತೆಗೆ ಬಿ.ಇಡಿ., ಪದವಿ ಕಾಲೇಜಿಗೆ ಎಂ.ಎ. ಜತೆಗೆ ನೆಟ್ ಅಥವಾ ಕೆಸೆಟ್ ಬೇಕು. ಆ ಎಂ.ಎ.ಗೆ ಸೇರುವಾಗ ಮೊದಲು ನೋಡುವುದು ಬಿ.ಎ.ಯಲ್ಲಿ ಆ ವಿಷಯ ಇತ್ತೇ ಎಂಬುದನ್ನು. ಶಿಕ್ಷಕಿಯಾಗುವ ಆಸೆ ಈ ಭಾಗದ ಹಳ್ಳಿಯ ಹೆಣ್ಣುಮಕ್ಕಳಲ್ಲಿ ಎಷ್ಟು ಆಳವಾಗಿದೆ ಎಂದು ಬಲ್ಲವರಿಗೆ ಕೌಂಟರಿನ ಆ ಹತ್ತು ನಿಮಿಷ ಎಷ್ಟು ದುಬಾರಿ ಎಂಬುದೂ ಗೊತ್ತು.

ಇದರ ಮೇಲೆ ನಿಯಮಗಳೂ ಒಂದೆಡೆ ನಿಂತಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದ ಮೊದಲ ರಾಜ್ಯ ಕರ್ನಾಟಕ. ಮೂರರ ಬದಲು ಎರಡು ಮುಖ್ಯ ವಿಷಯ ಬಂದವು, ಅದರೊಂದಿಗೆ ಓಪನ್ ಇಲೆಕ್ಟಿವ್ ಬಂತು, ನಾಲ್ಕನೇ ವರ್ಷದ ಆನರ್ಸ್ ಆಸೆ ಬಂತು. 2023ರಲ್ಲಿ ಸರ್ಕಾರ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚಿಸಿತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಹೊರಟು, ಅದೇ ವರ್ಷ ಸೇರಿದವರಿಗೆ ಮೂರು ವರ್ಷದ, ಮೂರು ವಿಷಯಗಳ ಪದವಿ ಮರಳಿತು. ಒಂದೇ ಮನೆಯ ಅಕ್ಕ ಎರಡು ವಿಷಯದವಳು, ತಂಗಿ ಮೂರು ವಿಷಯದವಳು. ಅಕ್ಕನ ಅನುಭವ ತಂಗಿಗೆ ದಾರಿ ತೋರಿಸದ ಹಾಗಾಯಿತು.

ಓಪನ್ ಇಲೆಕ್ಟಿವ್ ಕಲ್ಪನೆ ನನಗೆ ಇಂದಿಗೂ ಹಿಡಿಸುತ್ತದೆ. ಇತಿಹಾಸದ ಹುಡುಗ ಒಂದು ಸೆಮಿಸ್ಟರ್ ವಾಣಿಜ್ಯದ್ದೋ ವಿಜ್ಞಾನದ್ದೋ ಒಂದು ಪತ್ರಿಕೆ ಓದಬಹುದೆಂದರೆ ಬೇಡವೆನ್ನಲು ಕಾರಣವೇನು? ಆದರೆ ಆಯ್ಕೆ ಎಂಬುದು ಕಾಗದದ ಮೇಲೆ ಹುಟ್ಟುವುದಿಲ್ಲ. ಅದಕ್ಕೆ ಅಧ್ಯಾಪಕರು ಬೇಕು, ಕೋಣೆ ಬೇಕು, ಗ್ರಂಥಾಲಯದಲ್ಲಿ ಪುಸ್ತಕ ಬೇಕು. ರಾಜ್ಯದ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಲಭ್ಯವಿರುವ ಅಧ್ಯಾಪಕರು ಏನನ್ನು ಕಲಿಸಬಲ್ಲರೋ ಅದೇ ವಿದ್ಯಾರ್ಥಿಯ ‘ಮುಕ್ತ ಆಯ್ಕೆ’ಯಾಯಿತು. ಮೂರು ವಿಷಯಗಳ ಹಳೆಯ ಪದ್ಧತಿಗೆ ಮರಳಿದ ಮೇಲೂ ಈ ಕೊರತೆ ಕೊರತೆಯಾಗಿಯೇ ಉಳಿದಿದೆ.

ಬೆಳಗಾವಿ ಮತ್ತು ಖಾನಾಪುರದ ನಡುವಿನ ದೂರ ಸುಮಾರು 26 ಕಿಲೋಮೀಟರ್. ಆಯ್ಕೆಯ ಲೆಕ್ಕದಲ್ಲಿ ಅದು ಇನ್ನೂ ದೊಡ್ಡದು. ನಗರದಲ್ಲಿ 1933ರಲ್ಲಿ ಆರಂಭವಾದ ಕೆಎಲ್‌ಇ ಸಂಸ್ಥೆಯ ಲಿಂಗರಾಜ ಕಾಲೇಜು, ಟಿಳಕವಾಡಿಯ ರಾಣಿ ಪಾರ್ವತಿ ದೇವಿ ಕಾಲೇಜು, ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದೇ ಆದ ಸಂಗೊಳ್ಳಿ ರಾಯಣ್ಣ ಕಾಲೇಜು ಹೀಗೆ ಕಾಲೇಜುಗಳ ಸಾಲೇ ಇದೆ. ಒಂದರಲ್ಲಿ ಇಲ್ಲದ ಜೋಡಣೆ ಇನ್ನೊಂದರಲ್ಲಿ ಸಿಗುತ್ತದೆ. ಇಲ್ಲಿನ ಹಳೆಯ ಕಾಲೇಜುಗಳು ಹಿಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1982ರಲ್ಲಿ ಬೆಳಗಾವಿಗೆ ಬಂದ ಅದರ ಸ್ನಾತಕೋತ್ತರ ಕೇಂದ್ರವೇ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಿ, ಭೂತರಾಮನಹಟ್ಟಿಯ ಗುಡ್ಡದ ಮಗ್ಗುಲಲ್ಲಿ ನಿಂತಿತು. ಎಂ.ಎ.ಗಾಗಿ ಧಾರವಾಡಕ್ಕೆ ಹೋಗಲಾರದೆ ಓದು ನಿಲ್ಲಿಸುತ್ತಿದ್ದ ಎಷ್ಟೋ ಮನೆಗಳಿಗೆ ಅದು ಆಸರೆಯಾಗಿದೆ.

ಖಾನಾಪುರದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ, ಮರಾಠಾ ಮಂಡಳದ ಕಾಲೇಜು ಇದೆ. ತಾಲ್ಲೂಕಿನ ಪಶ್ಚಿಮಕ್ಕೆ ಹೋದರೆ ಭೀಮಗಡದ ಕಾಡು. ಮಳೆಗಾಲದಲ್ಲಿ ಹಳ್ಳ ದಾಟಿ ಬರುವ ಹುಡುಗಿಗೆ ಖಾನಾಪುರ ತಲುಪುವುದೇ ದೊಡ್ಡ ಪ್ರಯಾಣ. ಅಲ್ಲಿಂದ ಇನ್ನೊಂದು ಬಸ್ ಹತ್ತಿ ಬೆಳಗಾವಿಗೆ ಹೋಗುವುದು ಮನೆಯವರ ಮನಸ್ಸಿಗೂ ದೂರ, ಕಿಸೆಗೂ ದೂರ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಕಿಸೆಯ ಮಾತು ತಪ್ಪಿತು. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಈ ಯೋಜನೆಯ ಬಗ್ಗೆ ಆದ ಚರ್ಚೆಯೆಲ್ಲ ದೇವಸ್ಥಾನಗಳ ನೂಕುನುಗ್ಗಲಿನ ಸುತ್ತಲೇ ತಿರುಗಿತು. ಊರಿನ ಕಾಲೇಜಿನಲ್ಲಿ ಇಲ್ಲದ ವಿಷಯವನ್ನು ಓದಲು ನಗರಕ್ಕೆ ಹೋಗಿಬರುವ ಹುಡುಗಿಗೆ ಈ ಟಿಕೆಟ್ ಎಷ್ಟು ದೊಡ್ಡದೆಂದು ಯಾರೂ ಹೆಚ್ಚಾಗಿ ಬರೆಯಲಿಲ್ಲ. ಭೂಗೋಳಶಾಸ್ತ್ರ ಬೇಕೆಂದು ಹಟ ಹಿಡಿಯುವ ಮಗಳಿಗೆ ‘ಬಸ್ ಚಾರ್ಜು ಯಾರು ಕೊಡ್ತಾರ’ ಎನ್ನುವ ಮಾತು ಈಗ ಅಡ್ಡ ಬರುವುದಿಲ್ಲ. ಅವಳು ಹಟ ಹಿಡಿಯಲಿ.

ಆದರೆ ಹಟ ಹಿಡಿಯುವಷ್ಟು ಅದರಲ್ಲಿ ಏನಿದೆ ಎಂದು ಆಕೆಗೆ ತಿಳಿಯಬೇಕಲ್ಲ. ‘ಸರಳ’ ಎಂಬ ಒಂದೇ ಅಳತೆಗೋಲಿನಿಂದ ಸಮಾಜ ವಿಜ್ಞಾನಗಳನ್ನು ಅಳೆಯುತ್ತಿರುವ ಊರು ಎಂಥದ್ದೆಂದು ನೋಡಿ. ಭಾರತದಲ್ಲಿ ಸಮಾಜ ವಿಜ್ಞಾನ ಓದಲು ಬೆಳಗಾವಿ-ಖಾನಾಪುರಕ್ಕಿಂತ ಒಳ್ಳೆಯ ನೆಲ ಕಡಿಮೆ. ಇದು ಅಭಿಮಾನದ ಮಾತಾಗಿ ಉಳಿಯಬಾರದೆಂದು ವಿವರವಾಗಿಯೇ ಬರೆಯುತ್ತೇನೆ.

ರಾಜ್ಯಶಾಸ್ತ್ರದಿಂದ ಆರಂಭಿಸೋಣ. ಕರ್ನಾಟಕ-ಮಹಾರಾಷ್ಟ್ರ ಗಡಿ ವಿವಾದಕ್ಕಾಗಿ 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ಬೆಳಗಾವಿ ನಗರ ಕರ್ನಾಟಕದಲ್ಲೇ ಉಳಿಯಬೇಕು ಎಂದಿತು. ಅದೇ ವರದಿ ನಿಪ್ಪಾಣಿ, ನಂದಗಡ, ಖಾನಾಪುರ ಸೇರಿ 264 ಊರುಗಳು ಮಹಾರಾಷ್ಟ್ರಕ್ಕೆ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ ಭಾಗದ 247 ಊರುಗಳು ಕರ್ನಾಟಕಕ್ಕೆ ಸೇರಲಿ ಎಂದಿತ್ತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟಿಗೆ ಹೋಯಿತು. ಸಂವಿಧಾನದ 3ನೇ ವಿಧಿ, 131ನೇ ವಿಧಿ, 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಇವು ಬೇರೆ ಊರಿನ ವಿದ್ಯಾರ್ಥಿಗೆ ಬಾಯಿಪಾಠ ಮಾಡುವ ಸಾಲುಗಳು. ಖಾನಾಪುರದ ವಿದ್ಯಾರ್ಥಿಗೆ ಅವು ತನ್ನ ತಾಲ್ಲೂಕು ಯಾವ ರಾಜ್ಯದಲ್ಲಿರಬೇಕೆಂದು ನಡೆದ ವಾದದ ಸಾಲುಗಳು. ಬಸ್ಸಿಗೆ ಮಸಿ ಬಳಿಯುವ ಸುದ್ದಿಯನ್ನಷ್ಟೇ ಕೇಳಿ ಬೆಳೆದ ಹುಡುಗ ಆ ವರದಿಯನ್ನು ಕೈಯಲ್ಲಿ ಹಿಡಿದು ಓದಿದರೆ ಅವನ ಮಾತಿನ ದನಿ ಬದಲಾಗುತ್ತದೆ. ಅವನ ಮನೆಮಾತು ಕನ್ನಡವಿರಲಿ, ಮರಾಠಿಯಿರಲಿ.

ಸಮಾಜಶಾಸ್ತ್ರವನ್ನು ಎಲ್ಲರೂ ಸುಲಭವೆಂದು ತಗೊಳ್ಳುತ್ತಾರೆ. ಸಿದ್ದಿ ಸಮುದಾಯದ ಒಂದೇ ಸಂಗತಿಯನ್ನು ಎತ್ತಿಕೊಂಡರೆ ಅದೆಷ್ಟು ಸುಲಭವೆಂದು ಗೊತ್ತಾದೀತು. ಆಫ್ರಿಕ ಮೂಲದ ಈ ಜನ ಉತ್ತರ ಕನ್ನಡದ ಕಾಡಿನಲ್ಲೂ ಇದ್ದಾರೆ, ಖಾನಾಪುರದ ಕಾಡಿನಲ್ಲೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಪಟ್ಟಿಗೆ ಸೇರಲು 2020ರ ತಿದ್ದುಪಡಿ ಬರಬೇಕಾಯಿತು. ಒಂದೇ ಕುಲ, ಒಂದೇ ಕಾಡು, ನಡುವೆ ಜಿಲ್ಲೆಯ ಗಡಿ, ಆ ಗಡಿಯ ಬೆಲೆ ಒಂದು ತಲೆಮಾರಿನ ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ. ಗುರುತು, ಸಮುದಾಯ, ರಾಜ್ಯವ್ಯವಸ್ಥೆ ಎಂದು ಪಠ್ಯದಲ್ಲಿ ಮೂರು ಅಧ್ಯಾಯಗಳಾಗಿ ಬರುವುದು ಇಲ್ಲಿ ಒಂದೇ ಊರಿನ ಒಂದೇ ಮನೆಯಲ್ಲಿ ಸಿಗುತ್ತದೆ. 2011ರಲ್ಲಿ ವನ್ಯಧಾಮವಾದ ಭೀಮಗಡದ ಒಳಗಿನ ತಳೇವಾಡಿಯ ಕುಟುಂಬಗಳ ಸ್ಥಳಾಂತರವನ್ನೂ ನೋಡಿ. ಊರು ಬಿಟ್ಟು ಬರುವವರು ಏನನ್ನು ಪಡೆದರು, ಏನನ್ನು ಕಳೆದುಕೊಂಡರು ಎಂದು ಹತ್ತು ವರ್ಷ ಹಿಂಬಾಲಿಸಿ ಬರೆಯುವ ಕೆಲಸ ಯಾರದು? ದೂರದ ಸಂಶೋಧಕರು ಒಮ್ಮೆ ಬಂದು ಹೋಗುತ್ತಾರೆ. ಅದೇ ತಾಲ್ಲೂಕಿನ ಬಿ.ಎ. ವಿದ್ಯಾರ್ಥಿನಿ ಅಲ್ಲೇ ಇರುತ್ತಾಳೆ, ಅವರ ಭಾಷೆ ಬಲ್ಲಳು.

ಆ ನಾಲ್ಕರ ಆಚೆಗಿನ ಭೂಗೋಳಕ್ಕೆ ಮಲಪ್ರಭೆ ಸಾಕು. ಕಣಕುಂಬಿಯಲ್ಲಿ ಹುಟ್ಟಿ, ಘಟ್ಟದ ಮಳೆಯನ್ನು ಹೊತ್ತು, ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ರೇಣುಕಾಸಾಗರವನ್ನು ತುಂಬುವ ನದಿ ಅದು. ಒಂದೇ ಜಿಲ್ಲೆಯ ಪಶ್ಚಿಮ ತುದಿಯಲ್ಲಿ ಮಳೆ ಬಿಡುವುದಿಲ್ಲ, ಪೂರ್ವದಲ್ಲಿ ಮೋಡಕ್ಕೆ ಕಾಯುತ್ತಾರೆ. ಕಣಕುಂಬಿಯ ಆಚೆಗೆ ಕಳಸಾ ನಾಲೆ ಮಹದಾಯಿಯ ಕಡೆ ಹರಿಯುತ್ತದೆ. 2018ರ ಆಗಸ್ಟ್‌ನಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಎಂದಾಗ ಎಲ್ಲೆಡೆ ಆ ಅಂಕಿ ಓಡಾಡಿತು. ಅದರಲ್ಲಿ 8.02 ಟಿಎಂಸಿ ವಿದ್ಯುತ್ ಉತ್ಪಾದನೆಗೆ, ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಮಾತ್ರ ಎಂದು ಬಿಡಿಸಿ ಹೇಳಬಲ್ಲವರು ಎಷ್ಟು ಮಂದಿ? ನವಲಗುಂದ, ನರಗುಂದದ ರೈತರು ವರ್ಷಗಟ್ಟಲೆ ಧರಣಿ ಕುಳಿತ ಪ್ರಶ್ನೆ ಇದು. ಭೂಗೋಳ ಓದಿದವಳು ನಕ್ಷೆ ಹಿಡಿದು, ಅರ್ಥಶಾಸ್ತ್ರ ಓದಿದವಳು ಅಂಕಿ ಹಿಡಿದು ಇದನ್ನು ಊರವರಿಗೆ ತಿಳಿಸಬಲ್ಲಳು. ಭೂಗೋಳಕ್ಕೆ ಪ್ರಾಯೋಗಿಕ ತರಗತಿ ಇರುವುದರಿಂದ ಕೆಲವು ಕಾಲೇಜುಗಳು ಅದನ್ನು ಇಟ್ಟುಕೊಳ್ಳುವುದೇ ಇಲ್ಲ. ಅದೇ ಪ್ರಾಯೋಗಿಕ ತರಗತಿಯಲ್ಲಿ ಕಲಿತ ನಕ್ಷೆಯ ಕೆಲಸ, ಈಗ ಕಂಪ್ಯೂಟರಿನಲ್ಲಿ ಜಿಐಎಸ್ ಆಗಿ, ಸಮಾಜ ವಿಜ್ಞಾನ ಓದಿದವರಿಗೆ ನೇರವಾಗಿ ಕೈಗೆ ಸಿಗುವ ಕಸುಬುಗಳಲ್ಲಿ ಒಂದಾಗಿದೆ.

ಇತಿಹಾಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಲಸಿ ಕದಂಬರ ಪಲಾಶಿಕ, ಅಲ್ಲಿ ಸಿಕ್ಕ ತಾಮ್ರಶಾಸನಗಳಲ್ಲಿ ಐದನೇ ಶತಮಾನದ ಕಾಕುಸ್ಥವರ್ಮನ ದಾನವಿದೆ. ನಂದಗಡದಲ್ಲಿ 1831ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಬೆಳಗಾವಿಯೊಳಗಿನ ಶಹಾಪುರ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಒಂದೇ ಪೇಟೆಯಲ್ಲಿ ಎರಡು ಆಳ್ವಿಕೆ ಹೇಗೆ ನಡೆಯಿತು ಎಂಬುದನ್ನು ಸೆಮಿಸ್ಟರ್ ಪ್ರಾಜೆಕ್ಟಿಗೆ ಯಾರಾದರೂ ಎತ್ತಿಕೊಂಡರೆ ಒಂದು ವರ್ಷ ಸಾಲದು.

ಉಳಿದದ್ದು ಎಲ್ಲರೂ ಬಿಡಲು ನೋಡುವ ಅರ್ಥಶಾಸ್ತ್ರ. ಉದ್ಯಮಬಾಗದ ಫೌಂಡ್ರಿಗಳು, ವಡಗಾವಿ, ಖಾಸಬಾಗದ ಮಗ್ಗಗಳು, ಜಿಲ್ಲೆಯ ಸಕ್ಕರೆ ಕಾರ್ಖಾನೆಗಳು, ಖಾನಾಪುರದ ಜೇಡಿಮಣ್ಣಿನ ಹೆಂಚು ಮತ್ತು ಕುಂಬಾರಿಕೆ, ಗೋವಾಕ್ಕೆ ದುಡಿಯಲು ಹೋಗುವ ತಾಲ್ಲೂಕಿನ ಹುಡುಗರು, ಅವರು ಕಳಿಸುವ ದುಡ್ಡಿನ ಮೇಲೆ ನಡೆಯುವ ಮನೆಗಳು. ಇವನ್ನು ಅಂಕಿಯಲ್ಲಿ ನೋಡಲು ಬಾರದಿದ್ದರೆ ಉಳಿದ ವಿಷಯಗಳೂ ಅರ್ಧವೇ ತಿಳಿಯುತ್ತವೆ. ಬಿ.ಎ. ಅರ್ಥಶಾಸ್ತ್ರದಲ್ಲಿ ಬರುವ ಲೆಕ್ಕ ಸರಾಸರಿ, ಶೇಕಡಾ, ಸೂಚ್ಯಂಕ, ರೇಖಾಚಿತ್ರಗಳ ಮಟ್ಟದ್ದು. ಹತ್ತನೇ ತರಗತಿ ಪಾಸಾದವರು ಕಲಿಯಲಾಗದ್ದು ಅಲ್ಲ. ಹೆದರಿಕೆ ಇರುವುದು ಲೆಕ್ಕದ ಬಗ್ಗೆ, ಆ ಹೆದರಿಕೆಯನ್ನು ಶಾಲೆಯಲ್ಲೇ ಬಿತ್ತಿದ್ದೇವೆ.

ಇಲ್ಲಿ ಡಾ. ಅಂಬೇಡ್ಕರ್ ಅವರ ಓದನ್ನು ನೆನೆಯಬೇಕು. ನಿಪ್ಪಾಣಿಯಲ್ಲಿ 1925ರಲ್ಲಿ ಸಮಾವೇಶ ನಡೆಸಿದ ಅವರು ಈ ಜಿಲ್ಲೆಗೆ ಹೊಸಬರೇನಲ್ಲ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಬಿ.ಎ.ಯಲ್ಲಿ ಅವರ ವಿಷಯ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ. 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ಅವರು ಅಲ್ಲಿ ಆರಿಸಿಕೊಂಡ ಕೋರ್ಸುಗಳ ಪಟ್ಟಿ ಉಳಿದಿದೆ: ಅರ್ಥಶಾಸ್ತ್ರದಲ್ಲಿ 29, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜ್ಯಶಾಸ್ತ್ರದಲ್ಲಿ 3. ಬೆನ್ನೆಲುಬು ಅರ್ಥಶಾಸ್ತ್ರ. ಆದರೆ 1916ರ ಮೇ ತಿಂಗಳಲ್ಲಿ ಜಾತಿಯ ಹುಟ್ಟಿನ ಬಗ್ಗೆ ಓದಿದ ಪ್ರಬಂಧ ಬಂದದ್ದು ಮಾನವಶಾಸ್ತ್ರದ ಸೆಮಿನಾರಿನಿಂದ. ರೂಪಾಯಿಯ ಸಮಸ್ಯೆಯ ಬಗ್ಗೆ 1923ರಲ್ಲಿ ಪುಸ್ತಕ ಬರೆದವರೂ ಅವರೇ, ಜಾತಿಯನ್ನು ಬಿಡಿಸಿ ತೋರಿಸಿದವರೂ ಅವರೇ. ಒಂದರಲ್ಲಿ ಆಳಕ್ಕಿಳಿದು, ಪಕ್ಕದವನ್ನು ಬಿಡದೆ ಓದಿದವರ ದಾರಿ ಅದು. ಅವರು ಅರ್ಥಶಾಸ್ತ್ರ ಕಷ್ಟವೆಂದು ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಪ್ರತಿ ವರ್ಷ ಏಪ್ರಿಲ್ 14ರಂದು ಹಾರ ಹಾಕುವ ಕಾಲೇಜುಗಳು ಜೂನ್‌ನಲ್ಲಿ ವಿದ್ಯಾರ್ಥಿಗಳಿಗೆ ಹೇಳಬೇಕು.

ಆರಿಸಿಕೊಂಡ ವಿಷಯ ಇಡೀ ಬದುಕನ್ನು ಕಟ್ಟಿಹಾಕುತ್ತದೆ ಎಂದೇನೂ ಹೆದರಬೇಕಿಲ್ಲ. ಎಂ.ಎನ್. ಶ್ರೀನಿವಾಸ್ ಮೈಸೂರಿನಲ್ಲಿ ಓದಿದ್ದು ಸಾಮಾಜಿಕ ತತ್ವಶಾಸ್ತ್ರದ ಆನರ್ಸ್. ಅಲ್ಲಿಂದ ಮುಂಬಯಿಗೆ ಸಮಾಜಶಾಸ್ತ್ರಜ್ಞ ಘುರ್ಯೆಯವರ ಬಳಿಗೆ, ಮುಂದೆ ಆಕ್ಸ್‌ಫರ್ಡ್‌ಗೆ ಹೋಗಿ, 1952ರಲ್ಲಿ ಕೊಡಗರ ಮೇಲಿನ ಪುಸ್ತಕದಿಂದ ಜಗತ್ತಿನ ಸಮಾಜಶಾಸ್ತ್ರಕ್ಕೆ ‘ಸಂಸ್ಕೃತೀಕರಣ’ದ ಕಲ್ಪನೆ ಕೊಟ್ಟರು. ನಮ್ಮದೇ ಜಿಲ್ಲೆಯ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂ.ಬಾ. ಜೋಶಿ ಶಾಲಾ ಶಿಕ್ಷಕರಾಗಿದ್ದವರು. ಇತಿಹಾಸ, ಭಾಷೆ, ಪುರಾಣ, ಸ್ಥಳನಾಮ, ಜನಾಂಗ ಇವನ್ನೆಲ್ಲ ಒಟ್ಟಿಗೆ ಹಿಡಿದು ಕನ್ನಡ ಮತ್ತು ಮರಾಠಿ ಸಂಸ್ಕೃತಿಗಳ ಬೇರು ಹುಡುಕಿದರು, ಮರಾಠಿಯಲ್ಲೂ ಬರೆದರು. ಗಡಿಯ ಗದ್ದಲದಲ್ಲಿ ಬೆಳೆಯುವ ನಮ್ಮ ವಿದ್ಯಾರ್ಥಿಗಳಿಗೆ ಅವರ ಹೆಸರನ್ನಾದರೂ ಹೇಳಿಕೊಡುತ್ತಿದ್ದೇವೆಯೇ?

ಭಾಷೆಯ ಮಾತು ಬಂತು. ಖಾನಾಪುರದಲ್ಲಿ ಮರಾಠಿ ಮಾಧ್ಯಮದಲ್ಲಿ ಓದಿ ಬಂದ ಮಗುವಿಗೆ ಪದವಿಯ ಪಠ್ಯಪುಸ್ತಕ ಹೆಚ್ಚಾಗಿ ಸಿಗುವುದು ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಗುವಿಗೆ ಎಂ.ಎ. ಮತ್ತು ನೆಟ್ ಹೊತ್ತಿಗೆ ಇಂಗ್ಲಿಷ್ ಎದುರಾಗುತ್ತದೆ. ಇಬ್ಬರ ಕಷ್ಟವೂ ಒಂದೇ ಜಾತಿಯದು. ಮೊದಲ ಸೆಮಿಸ್ಟರಿನಲ್ಲೇ ವಿಷಯಕ್ಕೊಂದರಂತೆ ಪಾರಿಭಾಷಿಕ ಪದಗಳನ್ನು ಮೂರು ಭಾಷೆಯಲ್ಲಿ ಬರೆಸಿ ಕೈಗೆ ಕೊಡುವ ಅಧ್ಯಾಪಕರು ಇದ್ದರೆ ಅರ್ಧ ಭಾರ ಇಳಿಯುತ್ತದೆ. ಕಾಲೇಜನ್ನು ಆರಿಸುವಾಗ ಕಟ್ಟಡ ನೋಡುವ ಮೊದಲು ಇಂಥ ಅಧ್ಯಾಪಕರು ಯಾವ ವಿಭಾಗದಲ್ಲಿದ್ದಾರೆಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳಿ. ಎಷ್ಟೋ ಸಲ ವಿಷಯಕ್ಕಿಂತ ಕಲಿಸುವವರನ್ನು ಆರಿಸುವುದೇ ಸರಿ.

ಕಾಲೇಜುಗಳು ಮಾಡಬೇಕಾದ ಕೆಲಸಕ್ಕೆ ದುಡ್ಡು ಬೇಡ. ಅರ್ಜಿ ಕೊಡುವ ಮೊದಲು ಒಂದು ಫಲಕ ಹಾಕಲಿ. ಯಾವ ಯಾವ ಕಾಂಬಿನೇಶನ್ ಇದೆ, ಪ್ರತಿಯೊಂದರಿಂದ ಯಾವ ಎಂ.ಎ.ಗೆ, ಯಾವ ಬಿ.ಇಡಿ. ಬೋಧನಾ ವಿಷಯಕ್ಕೆ ಹೋಗಬಹುದು, ಆ ವಿಭಾಗದಲ್ಲಿ ಖಾಯಂ ಅಧ್ಯಾಪಕರಿದ್ದಾರೆಯೇ ಎಂದು ಅದರಲ್ಲಿ ಬರೆದಿರಲಿ. ಪ್ರತಿ ವಿಭಾಗದ ಒಬ್ಬ ಅಧ್ಯಾಪಕರು ಪ್ರವೇಶದ ದಿನಗಳಲ್ಲಿ ಒಂದು ಗಂಟೆ ಕೌಂಟರಿನ ಪಕ್ಕ ಕುಳಿತು, ‘ಯಾವ ಊರವ್ವ ನಿಂದು, ಮುಂದ ಏನ್ ಮಾಡಬೇಕಂತಿ?’ ಎಂದು ಕೇಳಲಿ. ಖಾನಾಪುರದಂಥ ತಾಲ್ಲೂಕಿನಲ್ಲಿ ಭೂಗೋಳ, ಅರ್ಥಶಾಸ್ತ್ರಗಳಿಗೆ ಸೇರುವವರು ಕಡಿಮೆ ಎಂಬ ಕಾರಣಕ್ಕೆ ಆ ವಿಷಯಗಳನ್ನು ಮುಚ್ಚುವ ಮಾತು ಯಾರೂ ಆಡಬಾರದು. ಒಮ್ಮೆ ಮುಚ್ಚಿದ ವಿಷಯ ಮತ್ತೆ ತೆರೆದದ್ದು ಅಪರೂಪ.

ಈ ಸಲ ಅರ್ಜಿ ತುಂಬುವ ವಿದ್ಯಾರ್ಥಿಗಳಿಗೆ, ಅವರ ತಂದೆ-ತಾಯಿಗೆ ನನ್ನ ಮಾತು ಇಷ್ಟು. ಶಿಕ್ಷಕರಾಗುವ ಆಸೆ ಇದ್ದರೆ ಬಿ.ಇಡಿ. ಮತ್ತು ಶಿಕ್ಷಕರ ನೇಮಕಾತಿಯ ಇತ್ತೀಚಿನ ಅಧಿಸೂಚನೆಯನ್ನು ಯಾರಿಂದಲಾದರೂ ಓದಿಸಿಕೊಂಡು ಆಮೇಲೆ ಕೌಂಟರಿಗೆ ಬನ್ನಿ. ಭೂಗೋಳ ಸಿಕ್ಕರೆ ತಗೊಳ್ಳಿ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳಲ್ಲಿ ಯಾವುದನ್ನು ಬಿಟ್ಟರೂ ಮುಂದೆ ಸ್ವಂತ ಓದಿನಿಂದ ಅದನ್ನು ಮರಳಿ ಹಿಡಿಯಬಹುದು. ಅರ್ಥಶಾಸ್ತ್ರವನ್ನು ಗುರುಗಳಿಲ್ಲದೆ ಹಿಡಿಯುವುದು ಕಷ್ಟ, ಅದನ್ನು ಬಿಡಬೇಡಿ. ಅವಸರದಲ್ಲಿ ತಪ್ಪು ಆರಿಸಿದ್ದೀರಿ ಎನಿಸಿದರೆ ಸುಮ್ಮನಿರಬೇಡಿ. ವಿಷಯ ಬದಲಾವಣೆಗೆ ವಿಶ್ವವಿದ್ಯಾಲಯ ಕೊಟ್ಟಿರುವ ಕೊನೆಯ ದಿನಾಂಕ ಯಾವುದೆಂದು ತರಗತಿ ಆರಂಭವಾದ ವಾರದಲ್ಲೇ ಕಚೇರಿಯಲ್ಲಿ ಕೇಳಿ.